ತಮ್ಮ ಬಿಟ್ಟುಹೋದ ರಾಟ್‌ವೀಲರ್

ನನ್ನ ತಮ್ಮ ಫರಂಗಿಪೇಟೆಯಲ್ಲಿ ಹೆದ್ದಾರಿಯ ಬದಿಗೆ ಹೋಟೆಲು ನಡೆಸುತ್ತಿದ್ದ. ಒಂದು ಬೆಳಿಗ್ಗೆ ಗಲ್ಲಾದ ಹಿಂದೆ ಕೂತಲ್ಲೇ ಅವನ ಹೃದಯ ನಿಂತಿತು. ಬೊಜ್ಜದ ಉತ್ತರಕ್ರಿಯೆಗಳೆಲ್ಲ ಮುಗಿದ ಮರುದಿನ ಅವನ ಹೆಂಡತಿ ನನ್ನನ್ನು ಹಿತ್ತಿಲಿಗೆ ಕರೆದೊಯ್ದು ಗೂಡಿನಲ್ಲಿದ್ದ ರಾಟ್‌ವೀಲರ್ ನಾಯಿಯನ್ನು ತೋರಿಸಿದಳು.

"ಅಕ್ಕ, ಇದನ್ನು ಹಿಡಿಯಲಿಕ್ಕೆ ನನ್ನಿಂದ ಆಗುವುದಿಲ್ಲ. ನೀವು ಕರ್ಕೊಂಡು ಹೋಗ್ತೀರಾ?"

ಆಗಲಿ ಎಂದೆ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಆಗಲಿ ಎನ್ನುತ್ತಿದ್ದೆ.

ಮೂಡುಬಿದಿರೆಯಲ್ಲಿ ನಾನು ಶಾಲೆಯ ಟೀಚರು. ಮನೆಯಲ್ಲಿ ನಾನೊಬ್ಬಳೇ. ನಾಯಿ ಬಂದ ದಿನದಿಂದ ಗೇಟಿಗೆ ಅಡ್ಡವಾಗಿ ಮಲಗಿತು. ಬೊಗಳುತ್ತಿರಲಿಲ್ಲ. ಮಾತಾಡಿಸಿ ಹೋಗಲು ಬಂದವರನ್ನು ಎದ್ದು ನಿಂತು ಭುಜದಿಂದ ಹೊರಗೆ ತಳ್ಳುತ್ತಿತ್ತು. ಕೋಳಿ ಹಾಕಿ ಬೇಯಿಸಿದ ಕುಚ್ಚಲಕ್ಕಿ ಗಂಜಿ ಇಟ್ಟರೆ ನಾನು ಒಳಗೆ ಹೋಗುವವರೆಗೂ ಮುಟ್ಟುತ್ತಿರಲಿಲ್ಲ. ಅದಕ್ಕೆ ದುಃಖವಾಗಿದೆ ಎಂದು ನೆಂಟರೊಬ್ಬರು ಹೇಳಿದರು. ಇದ್ದೀತು. ನನಗೆ ಮಾತ್ರ ಅಳು ಬಂದಿರಲಿಲ್ಲ. ಶಾಲೆಗೆ ಹೋಗುತ್ತಿದ್ದೆ, ಪಾಠ ಮಾಡುತ್ತಿದ್ದೆ, ಬರುತ್ತಿದ್ದೆ.

ಒಮ್ಮೆ ಅದು ಗ್ಯಾಸಿನವನನ್ನು ಗೋಡೆಗೆ ಒತ್ತಿ ನಿಂತಿತು. ಕಚ್ಚಲಿಲ್ಲ, ಗುರುಗುಟ್ಟಲೂ ಇಲ್ಲ. ಮೈಯ ಭಾರವನ್ನೆಲ್ಲ ಅವನ ಮೇಲೆ ಬಿಟ್ಟಿತ್ತು, ಅಷ್ಟೆ. ಅವನ ಮುಖ ಬಿಳಚಿಹೋಯಿತು. ನಾನು ಅದರ ಕುತ್ತಿಗೆಯ ಬೆಲ್ಟು ಎಳೆದೆ, ಅದು ಅಲುಗಲಿಲ್ಲ. ಬೇಕಾದಾಗ ಅದೇ ಬಿಟ್ಟು ಬಂತು. ಮುಂದಿನ ಸಲ ಸಿಲಿಂಡರನ್ನು ನಾನೇ ಅಂಗಡಿಗೆ ಬಂದು ಒಯ್ಯಬೇಕೆಂದು ಹೇಳಿ ಅವನು ಹೋದ. ನನಗೆ ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಪಕ್ಕದ ಮನೆಯವರು ಬಂದು, ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಿ ಎಂದರು.

ಬಂಟ್ವಾಳದ ಪಶುವೈದ್ಯೆಯೊಬ್ಬರ ಬಳಿಗೆ ಒಯ್ದೆ. ಅವರು ಅದರ ಸೊಂಟ ಮುಟ್ಟಿ, ಬಾಯಿ ತೆರೆದು, ಕಿವಿಯೊಳಗೆ ಬೆಳಕು ಹಾಕಿ ನೋಡಿದರು.

"ಸಿಟ್ಟಿನ ನಾಯಿ ಅಲ್ಲ ಟೀಚರೇ. ಇದಕ್ಕೆ ಕೆಲಸ ಇಲ್ಲ, ಅದಕ್ಕೆ ಹೀಗೆ. ನಿಮ್ಮ ತಮ್ಮನೊಟ್ಟಿಗೆ ಏನು ಮಾಡ್ತಿತ್ತು?"

ನನಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ತಮ್ಮನ ಹೆಂಡತಿಗೆ ಫೋನು ಮಾಡಿದೆ. ದಿನಾ ಬೆಳಿಗ್ಗೆ ಅವನು ಹೋಟೆಲಿಗೆ ಮೀನು, ತರಕಾರಿ ತರಲು ಹೋಗುವಾಗ ಇದರ ಬೆನ್ನಿಗೊಂದು ಚೀಲ ಕಟ್ಟುತ್ತಿದ್ದನಂತೆ. ದಾರಿಯುದ್ದಕ್ಕೂ ಅದರೊಡನೆ ಮಾತಾಡುತ್ತಿದ್ದನಂತೆ. ನನ್ನೆದುರು ಅವನು ಹೆಚ್ಚು ಮಾತಾಡಿದವನಲ್ಲ.

"ಹಾಗಾದ್ರೆ ನೀವೂ ಹೊರಿಸಿ," ಎಂದರು ಡಾಕ್ಟರು. "ಹಗುರದ್ದು ಸಾಕು, ಸೊಂಟದ ಗಂಟು ಸವೆದಿದೆ. ಬಿಸಿಲೇರುವ ಮೊದಲು ಹೋಗಿ ಬನ್ನಿ. ಬೊಬ್ಬೆ ಹಾಕ್ಬೇಡಿ. ಒಮ್ಮೆ ಹೇಳಿ, ಅದು ಮಾಡುವವರೆಗೆ ಕಾಯಿರಿ."

ತಮ್ಮನ ಹೆಂಡತಿ ಚೀಲವನ್ನು ಬಸ್ಸಿನಲ್ಲಿ ಕಳಿಸಿದಳು. ಅದನ್ನು ಕಂಡದ್ದೇ ನಾಯಿ ನಾಲ್ಕು ಕಾಲು ಊರಿ ನಿಂತು ಬೆನ್ನು ಕೊಟ್ಟಿತು. ಪೇಟೆಗೆ ಹೋಗಿ ಬರತೊಡಗಿದೆವು. ರಸ್ತೆ ದಾಟುವಲ್ಲಿ ತುಳುವಿನಲ್ಲಿ "ಉಂತು" ಎಂದು ನಿಲ್ಲಲು ಹೇಳಿ ಕಾಯುತ್ತಿದ್ದೆ. ಅದು ನನ್ನ ಮುಖ ನೋಡಿ, ಯೋಚಿಸಿ, ಆಮೇಲೆ ನಿಲ್ಲುತ್ತಿತ್ತು. ಎರಡೂ ಭುಜಕ್ಕೆ ಭಾರ ಸಮ ಬೀಳದಿದ್ದರೆ ಹೆಜ್ಜೆ ಇಡುತ್ತಿರಲಿಲ್ಲ. ಕೆಲವು ವಾರಗಳಲ್ಲಿ ನನ್ನೆದುರೇ ಗಂಜಿ ಉಂಡಿತು. ಗೇಟು ತೆರೆದವರನ್ನು ಮೂಸಿ ಬಿಟ್ಟುಬಿಡುತ್ತಿತ್ತು. ಸೆಕೆಗಾಲದಲ್ಲಿ ಒದ್ದೆ ಗೋಣಿ ಹಾಸುತ್ತಿದ್ದೆ. ಮಳೆಗಾಲದಲ್ಲಿ ಬೆರಳ ಸಂದಿಯ ಉಣ್ಣಿ ತೆಗೆಯುತ್ತಿದ್ದೆ. ಕೈ ತನ್ನಷ್ಟಕ್ಕೆ ಮಾಡುತ್ತಿತ್ತು. ಮನಸ್ಸು ಎಲ್ಲಿತ್ತೋ ತಿಳಿಯದು.

ಮಳೆ ಕಳೆದ ಮೇಲೆ ತಮ್ಮನ ಹೆಂಡತಿ ಬಂದಳು. ನಾಯಿಯ ಕುತ್ತಿಗೆ ತಬ್ಬಿ ತುಂಬ ಹೊತ್ತು ಅತ್ತಳು. ಅದು ಅಲುಗದೆ ನಿಂತಿತು. ನಾನು ಚಾ ಮಾಡಿ ತಂದೆ.

"ಅಕ್ಕ, ನೀವು ಅಳ್ಲೇ ಇಲ್ಲ ಅಲ್ವಾ?"

"ಬರುವುದಿಲ್ಲ. ಯಾಕೆ ಅಂತ ಗೊತ್ತಿಲ್ಲ."

ಅವಳು ಚಾ ಕುಡಿದು ಲೋಟ ಕೆಳಗಿಟ್ಟಳು. ನಾಯಿಯನ್ನು ಕಂಡರೆ ತನಗಿದ್ದ ಹೆದರಿಕೆ ಈಗ ಹೋಗಿದೆ, ಬೇಕಾದರೆ ವಾಪಸು ಒಯ್ಯುತ್ತೇನೆ ಎಂದಳು. ಇಲ್ಲೇ ಇರಲಿ ಎಂದೆ. ಬಹಳ ದಿನಗಳ ನಂತರ ನಾನಾಗಿ ಹೇಳಿದ ಮಾತು ಅದು.

ಮರುದಿನ ಅವಳೂ ನಮ್ಮೊಟ್ಟಿಗೆ ಪೇಟೆಗೆ ಬಂದಳು. ಸಂಜೆಯ ಬಸ್ಸಿಗೆ ಹೋದಳು. ನಾನು ನಾಯಿಯ ಕಿವಿ ಒರೆಸಿ ಒಳಗೆ ಬಂದೆ.