ಚಿಗವ್ವನ ಕೂದಲು ನನಗೆ ಬರಲಿಲ್ಲ

ಪಕ್ಕದ ಮನೆಯವರು ಕೊಬ್ಬರಿ ಎಣ್ಣೆಗೆ ಮೆಂತ್ಯ, ಕರಿಬೇವು ಹಾಕಿ ಕಾಯಿಸುತ್ತಿದ್ದರು. ಸಂಕೇಶ್ವರದ ನಮ್ಮ ಅಡುಗೆಮನೆಯ ಕಿಟಕಿಯಿಂದ ಆ ವಾಸನೆ ಒಳಗೆ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಮೆಂತ್ಯ ಇನ್ನೇನು ಸೀಯಬೇಕು ಅನ್ನುವಾಗ ಏಳುವ ಕಹಿ ವಾಸನೆ ಅದು. ಹಂಚಿನ ಮೇಲಿನ ರೊಟ್ಟಿ ಕರಿಯಾದರೂ ನನಗೆ ತಿಳಿಯಲಿಲ್ಲ. ಚಿಗವ್ವ ನೆನಪಾಗಿದ್ದಳು...

ಹೆತ್ತ ತಾಯಿ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅಪ್ಪ ಮಸಗುಪ್ಪಿಯಿಂದ ಎರಡನೆಯ ಹೆಂಡತಿಯನ್ನು ಗೋಕಾಕಿನ ಮನೆಗೆ ಕರೆತಂದ. ಅವಳನ್ನು ಚಿಗವ್ವ ಎಂದು ಕರೆಯಲು ಅಜ್ಜಿ ಹೇಳಿಕೊಟ್ಟಳು. ಬಂದ ದಿನವೇ ಓಣಿಯ ಹೆಂಗಸರೆಲ್ಲ ಅವಳ ಮುಖಕ್ಕಿಂತ ಹೆಚ್ಚಾಗಿ ಹೆರಳು ನೋಡಿದರು. ಅದು ಮೊಣಕಾಲು ದಾಟಿತ್ತು. ಅವಳ ತವರಿನ ಹೆಂಗಸರೆಲ್ಲ ಹಾಗೇ ಇದ್ದರು. ಮಸಗುಪ್ಪಿಗೆ ಹೋದಾಗ ಅವರು ತಲೆ ತೊಳೆದುಕೊಂಡು ಬಿಸಿಲಿಗೆ ಕೂತರೆ ನಾನು ಬಾಗಿಲ ಹಿಂದೆ ನಿಂತು ಒಬ್ಬೊಬ್ಬರನ್ನೇ ನೋಡುತ್ತಿದ್ದೆ.

ನನ್ನ ಕೂದಲು ಹೆಗಲು ದಾಟಿ ಗೇಣುದ್ದ ಬಂದು ನಿಂತುಬಿಡುತ್ತಿತ್ತು. ಹೆಣೆದರೆ ತುದಿ ಇಲಿಯ ಬಾಲ. ಗೋಡೆಗೆ ಹಾಕಿದ್ದ ಫೋಟೋದಲ್ಲಿ ನನ್ನ ತಾಯಿಯ ತುರುಬೂ ಒಂದು ನಿಂಬೆಹಣ್ಣಿನಷ್ಟೇ ಇತ್ತು.

ಆಮೇಲೆ ಚಿಗವ್ವನ ಹೊಟ್ಟೆಯಲ್ಲಿ ತಂಗಿ ಹುಟ್ಟಿದಳು. ಶಾಲೆಗೆ ಹೋಗುವ ಹೊತ್ತಿಗೆ ಅವಳ ಜಡೆ ನನ್ನದನ್ನು ದಾಟಿ ಸೊಂಟಕ್ಕೆ ಬಂತು. ಮರದಿಂದ ಬೀಳುತ್ತಿದ್ದಳು, ಮಣ್ಣಲ್ಲಿ ಹೊರಳುತ್ತಿದ್ದಳು, ಎಣ್ಣೆ ಕಂಡರೆ ಓಡುತ್ತಿದ್ದಳು. ಆದರೂ ಅದು ಬೆಳೆಯುತ್ತಿತ್ತು. ನಾನು ಜಾಣೆಯಂತೆ ಕೂತು ತಲೆ ಒಡ್ಡುತ್ತಿದ್ದೆ. ರಾತ್ರಿ ಪಕ್ಕದಲ್ಲಿ ಮಲಗಿದ ಅವಳ ಜಡೆ ನನ್ನ ಹಾಸಿಗೆಗೆ ಬಂದರೆ ಮೆಲ್ಲಗೆ ಅತ್ತ ತಳ್ಳುತ್ತಿದ್ದೆ. ಮುಟ್ಟಿದರೆ ತಣ್ಣಗೆ, ಭಾರವಾಗಿ ಇರುತ್ತಿತ್ತು... ಹೊಟ್ಟೆ ಉರಿಯುತ್ತಿತ್ತು.

ಚಿಗವ್ವ ಎಣ್ಣೆಯನ್ನು ಎರಡು ಬಟ್ಟಲಲ್ಲಿ ಹಾಕಿ ತರುತ್ತಿದ್ದಳು. ತಂಗಿಯ ಬಟ್ಟಲಿಗೆ ಏನೋ ಬೇರೆ ಬೆರೆಸುತ್ತಾಳೆ ಎಂದು ನನಗೆ ಅನುಮಾನ. ಒಂದು ದಿನ ತಾಳಲಾರದೆ, "ನನಗ ಅಕೀ ವಾಟಿ ಬೇಕು," ಅಂದೆ. ಚಿಗವ್ವ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು ಅಂತ ಕಾಣುತ್ತದೆ. ಬೈಯಲಿಲ್ಲ, ಎರಡೂ ಬಟ್ಟಲುಗಳನ್ನು ನನ್ನ ಮುಂದೆ ಸರಿಸಿ, "ಯಾವ್ದು ಬೇಕ ಆರಿಸ್ಕೋ ಯವ್ವಾ," ಅಂದಳು. ಅಂದಿನಿಂದ ನಾನು ಆರಿಸಿದ ಮೇಲೆಯೇ ಉಳಿದದ್ದು ತಂಗಿಗೆ. ಹುಕ್ಕೇರಿಯಲ್ಲಿ ಯಾರೋ ಬೇರಿನ ಎಣ್ಣೆ ಕೊಡುತ್ತಾರೆಂದು ಕೇಳಿ, ಬಸ್ಸು ಹಿಡಿದು ಹೋಗಿ ಅದನ್ನೂ ತಂದು ಹಚ್ಚಿದಳು. ನನ್ನ ಜಡೆ ಮಾತ್ರ ಇದ್ದಲ್ಲೇ ಇತ್ತು.

ಕಾಲೇಜಿಗೆ ಹೋಗುವಾಗ ನನ್ನ ಕಾಟ ತಡೆಯಲಾರದೆ ಚಿಗವ್ವ ಗೋಕಾಕಿನ ಒಬ್ಬ ಚರ್ಮದ ಡಾಕ್ಟರರ ಬಳಿ ಕರೆದೊಯ್ದಳು. ಅವರು ನನ್ನ ಕೂದಲನ್ನು ಬೆಳಕಿಗೆ ಹಿಡಿದು ನೋಡಿದರು.

"ಭಾಳ ಜ್ವಾಕಿ ಮಾಡೀರಿ. ಎಲ್ಲೂ ತುಂಡಾಗಿಲ್ಲ," ಅಂದರು. "ಆದ್ರ ಒಂದೊಂದು ಕೂದಲಾ ಇಂತಿಷ್ಟು ವರ್ಷ ಬೆಳದು ತಾನ ಉದರತೈತ್ರಿ. ಎಷ್ಟು ವರ್ಷ ಅನ್ನೂದು ಹುಟ್ಟಿನಿಂದ ಬಂದಿರತೈತಿ. ಎಣ್ಣಿ ಹಚ್ಚಿದ್ರ ಅದೇನು ಹೆಚ್ಚಾಗೂದಿಲ್ಲ."

ಹಾಗೆ ಹೇಳುತ್ತ ಅವರ ಕಣ್ಣು ಚಿಗವ್ವನ ಮೇಲೆ ಬಿತ್ತು. ಕುರ್ಚಿಯಲ್ಲಿ ಕೂತವಳ ಹೆರಳು ನೆಲ ಮುಟ್ಟುತ್ತಿತ್ತು.

"ತಾಯಿ ನೀವ ಅಲ್ಲೇನ್ರಿ? ಹಂಗಾದ್ರ ಮಗಳಿಗೂ ಬರಬಹುದಿತ್ತಲ್ಲ..."

ಚಿಗವ್ವ ಸೆರಗೆಳೆದು ಹೆರಳು ಮುಚ್ಚಿಕೊಂಡಳು. "ಹಡದಾಕಿ ನಾ ಅಲ್ರಿ," ಅಂದಳು. "ಜ್ವಾಪಾನ ಮಾಡಿದಾಕಿ."

ಅಲ್ಲಿಯವರೆಗೆ ಆ ಮಾತು ಅವಳ ಬಾಯಿಂದ ನಾನು ಕೇಳಿರಲಿಲ್ಲ. ಮನೆಗೆ ಬಂದೆವು. ತಂಗಿ ಒದ್ದೆ ಕೂದಲು ಹರಡಿಕೊಂಡು ಜೋಕಾಲಿಯಲ್ಲಿ ಕೂತಿದ್ದಳು. "ಡಾಕ್ಟರ್ ಏನಂದ್ರ ಅಕ್ಕಾ?" ಎಂದು ಕೇಳಿದಳು. ನಾನು ಚಪ್ಪಲಿ ಬಿಟ್ಟು ನೇರ ಒಳಗೆ ಹೋದೆ. ಚಿಗವ್ವನ ಮೇಲೆ ಸಿಟ್ಟಿರಲಿಲ್ಲ. ಅಂಥ ಮಾತನ್ನು ಜನ್ಮದಲ್ಲಿ ಕೇಳಬೇಕಾಗಿಲ್ಲದ ತಂಗಿಯ ಮೇಲೆ ಇತ್ತು.

ನನಗೆ ಸಂಕೇಶ್ವರಕ್ಕೆ, ತಂಗಿಗೆ ಮೂಡಲಗಿಗೆ ಮದುವೆಯಾಯಿತು. ಅಪ್ಪ ಹೋದ. ಕೆಲವು ವರ್ಷಗಳ ಹಿಂದೆ ಚಿಗವ್ವ ಕಾಯಿಲೆ ಬಿದ್ದಾಗ ಇಬ್ಬರೂ ಗೋಕಾಕಿನಲ್ಲಿ ಉಳಿದೆವು. ಔಷಧಿಗೆ ಅವಳ ಕೂದಲು ಹಿಡಿಹಿಡಿಯಾಗಿ ಉದುರತೊಡಗಿತು. ತಂಗಿ ಬಾಚಲು ಕೂತಳು. ದಟ್ಟ ಕೂದಲನ್ನೇ ಬಾಚಿ ಅಭ್ಯಾಸವಾದ ಕೈ, ಜಗ್ಗಿಬಿಟ್ಟಿತು. ಚಿಗವ್ವ ನರಳಿದಳು.

"ಹಣಗಿ ಅಕ್ಕನ ಕೈಗೆ ಕೊಡ. ಅಕೀ ಕೈ ಸಮಾಧಾನ ಐತಿ," ಅಂದಳು.

ತಂಗಿ ಹಣಿಗೆ ಕೊಟ್ಟು ಎದ್ದುಹೋದಳು. ತೆಳ್ಳಗಿನ ಕೂದಲನ್ನು ಹೇಗೆ ಬಾಚಬೇಕೆಂದು ನನಗೆ ಗೊತ್ತಿತ್ತು. ಬುಡ ಹಿಡಿದುಕೊಂಡು ತುದಿಯಿಂದ ಬಿಡಿಸುತ್ತ ಬರಬೇಕು. ಹಾಗೆ ಬಿಡಿಸುತ್ತಿದ್ದವಳು ಚಿಗವ್ವನೇ, ನನ್ನ ತಲೆಯಲ್ಲಿ... ಕೊನೆಕೊನೆಗೆ ಬಾಚಲು ಏನೂ ಉಳಿಯಲಿಲ್ಲ. ಬರಿ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದೆ, ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಹಾಗೇ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದು ಮೂರನೆಯ ದಿನ ಅವಳ ಸೀರೆಗಳನ್ನು ಮಡಿಸುತ್ತ ತಂಗಿ ಇದ್ದಕ್ಕಿದ್ದಂತೆ ಅಂದಳು:

"ಸಣ್ಣಾಕಿದ್ದಾಗ ನಿನ್ನ ಮ್ಯಾಲ ನನಗ ಭಾಳ ಹೊಟ್ಟಿಕಿಚ್ಚಿತ್ತ ಅಕ್ಕಾ. ಅವ್ವ ನಿನ್ನ ತಲಿ ಹಿಡಕೊಂಡು ಕುಂತ್ರ ಏಳತಿದ್ದಿಲ್ಲ. ನಾ ಹೋದ್ರ, 'ನಿಂದು ತಾನ ಬೆಳೀತೈತಿ, ಹೋಗ' ಅಂತಿದ್ಲು. ಸಾಯೂ ಮುಂದೂ ನಿನ್ನ ಕೈನ ಬೇಕಾತು."

ನಾನು ಮಡಿಸಿದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಿಸಿದೆ. ಅವಳ ದುಃಖ ಕಂಡು ದುಃಖವಾಯಿತು. ಅದರ ಜೊತೆಗೆ ಒಳಗೆಲ್ಲೋ ಸಂತೋಷವೂ ಆಯಿತು. ಇವಳಿಗೂ ನನ್ನನ್ನು ನೋಡಿ ಉರಿದಿತ್ತಲ್ಲ... ಹೊಟ್ಟೆಕಿಚ್ಚಿನ ಕಾಲ ಮುಗಿಯಿತು ಎಂದುಕೊಂಡೆ.

ಮೆಂತ್ಯದ ವಾಸನೆ ಬಂದ ಆ ವಾರದಲ್ಲೇ ತಂಗಿ ಮೂಡಲಗಿಯಿಂದ ಬಂದಳು. ತಲೆ ತೊಳೆದುಕೊಂಡು ಹಿತ್ತಲ ಮೆಟ್ಟಿಲ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದಳು. ಈಗ ಅವಳಿಗೂ ಅಲ್ಲಲ್ಲಿ ಬಿಳಿ ಬಂದಿದೆ. ಕತ್ತನ್ನು ಒಂದು ಕಡೆ ವಾಲಿಸಿ, ಅಷ್ಟೂ ಕೂದಲನ್ನು ಮುಂದಕ್ಕೆ ತಂದುಕೊಂಡು ಬೆರಳಿನಿಂದ ಬಿಡಿಸುತ್ತಿದ್ದಳು. ನಾನು ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತೆ. ಮೆಟ್ಟಿಲ ಮೇಲೆ ಚಿಗವ್ವ ಕೂತಿದ್ದಳು. ಕರೆಯಲು ಬಾಯಿ ಕೂಡ ತೆರೆದಿದ್ದೆ.

ತಂಗಿ ತಿರುಗಿದಳು. "ಯಾಕ ಅಲ್ಲೇ ನಿಂತಿ? ಚಾ ಆರತೈತಿ, ಕೊಡ."

ಕೊಟ್ಟೆ. ಅವಳು ಕುಡಿಯುತ್ತ ಮೂಡಲಗಿಯ ಸುದ್ದಿ ಹೇಳುತ್ತಿದ್ದಳು, ನಾನು ಅವಳ ಕೂದಲನ್ನೇ ನೋಡುತ್ತಿದ್ದೆ. ಅವಳಿಗೆ ಅವ್ವ ನೆನಪಾದರೆ ಎದ್ದು ಕನ್ನಡಿಯ ಮುಂದೆ ನಿಂತರಾಯಿತು. ನಾನು ಚಿಗವ್ವನನ್ನು ನೋಡಬೇಕೆಂದರೆ ಮೂಡಲಗಿಯಿಂದ ತಂಗಿ ಬರಬೇಕು.