ಎದುರು ಮನೆಯವರ ಅಕ್ಟೋಬರ್ ಹಬ್ಬ

ಮೊಬೈಲಿನಲ್ಲಿ ಹಾವಿನ ಆಟವೊಂದೇ ಇದ್ದ ಕಾಲವದು. ಬಹರೈನಿನ ಮುಹರ್ರಕ್‌ನ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಮ್ಮ ಮನೆ. ವಿಮಾನ ಇಳಿದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ಅಪ್ಪ ಸಲ್ಮಾಬಾದಿನ ಗೋದಾಮಿನಲ್ಲಿ ಸ್ಟೋರ್ ಕೀಪರ್. ಎದುರು ಮನೆಗೆ ವೆನಿಜುವೆಲಾದ ಕುಟುಂಬವೊಂದು ಬಂದಿತ್ತು. ಅವರ ಮಗಳು ಲೂಸ್ ನನ್ನದೇ ವಯಸ್ಸಿನವಳು. ಮೆಟ್ಟಿಲ ಮೇಲೆ ಕೂತು ಅವಳಿಗೆ ಐದು ಕಲ್ಲಿನ ಆಟ ಕಲಿಸಿದ್ದೆ.

ಆ ವರ್ಷ ಅಕ್ಟೋಬರ್ ಹನ್ನೆರಡರಂದು ಲೂಸ್ ಶಾಲೆಗೆ ಹೋಗಲಿಲ್ಲ. ಸಂಜೆ ಅವಳ ಅಮ್ಮ ಮರೀಸಾ ಆಂಟಿ ನಮ್ಮನ್ನೆಲ್ಲ ಊಟಕ್ಕೆ ಕರೆದರು. ಕಾವಲಿಯ ಮೇಲೆ ಮೆಕ್ಕೆಜೋಳದ ದಪ್ಪ ರೊಟ್ಟಿ ಬೇಯುವ ಪರಿಮಳ ನಮ್ಮ ಬಾಗಿಲವರೆಗೂ ಬಂದಿತ್ತು.

"ಇವತ್ತು ನಮ್ಮ ದೇಶದಲ್ಲಿ ರಜೆ," ಎಂದು ಆಂಟಿ ತಡವರಿಸುವ ಇಂಗ್ಲಿಷಿನಲ್ಲಿ ಹೇಳಿದರು. "ಮೊದಲು ಹಡಗಿನಲ್ಲಿ ಬಂದು ನಮ್ಮ ನೆಲ ಹಿಡಿದವರನ್ನು ಹೊಗಳುವ ದಿನವಾಗಿತ್ತು. ಈಗ, ಅವರನ್ನು ಎದುರಿಸಿ ನಿಂತ ಮೂಲಜನರ ದಿನ. ನನ್ನ ಅಜ್ಜಿ ಆ ಜನರಲ್ಲಿ ಒಬ್ಬಳು. ನಿಮ್ಮ ಊರಿನಲ್ಲಿ ಮೊದಲಿನಿಂದ ಇದ್ದವರು ಯಾರು?"

ನಾವು ಕೊರಗರು, ತುಳುನಾಡಿನ ಮೂಲನಿವಾಸಿಗಳು. ಊರಿನಲ್ಲಿ ಚಿಕ್ಕಂದಿನಲ್ಲಿ ಅಪ್ಪ ಪರರ ಅಂಗಳದಾಚೆಯೇ ನಿಂತು ಅನ್ನ ಹಾಕಿಸಿಕೊಂಡವರು. ಬಹರೈನಿನಲ್ಲಿ ಊರಿನವರು ಯಾರಾದರೂ ಸಿಕ್ಕಿ "ನೀವು ಯಾವ ಜನ?" ಎಂದು ಕೇಳಿದರೆ, "ಪುತ್ತೂರು ಕಡೆ" ಎಂದು ಅಪ್ಪ ಮಾತು ತಿರುಗಿಸುತ್ತಿದ್ದರು.

ಅಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟರು. "ಈಗ ಅದೆಲ್ಲ ಎಂತಕ್ಕೆ?" ಎಂದು ಅಮ್ಮ ಮೆಲ್ಲಗೆ ಹೇಳಿದರು.

"ಇವರ ಹತ್ರ ಹೇಳ್ಲಿಕ್ಕೆ ಎಂತ ನಾಚಿಕೆ ಮಾರಾಯ್ತಿ," ಎಂದ ಅಪ್ಪ ಆಂಟಿಯ ಕಡೆ ತಿರುಗಿದರು. "ನಾವೇ. ನಮ್ಮನ್ನು ಕೊರಗರು ಅಂತಾರೆ."

ಆಂಟಿ ಆ ಹೆಸರನ್ನು ತಪ್ಪುತಪ್ಪಾಗಿ ಹೇಳಿ ನೋಡಿದರು. ಆಮೇಲೆ ಅಪ್ಪನ ತಟ್ಟೆಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿ, "ಹಾಗಾದರೆ ಇದು ನಿಮ್ಮ ಹಬ್ಬವೂ ಹೌದು" ಎಂದರು.

ಅಪ್ಪ ಮೇಜನ್ನೇ ಡೋಲು ಮಾಡಿಕೊಂಡು ತಟ್ಟುತ್ತ, ನನಗೆ ಕಲಿಸದಿದ್ದ ನಮ್ಮ ಹಳೇ ಭಾಷೆಯಲ್ಲಿ ಒಂದು ಹಾಡು ಹೇಳಿದರು. ಅಪ್ಪ ಹಾಡುತ್ತಾರೆಂದು ನನಗೆ ಗೊತ್ತಾದದ್ದೇ ಅವತ್ತು. ಅಮ್ಮ ಮೊದಲು ಬಾಗಿಲ ಕಡೆ ನೋಡಿದರು, ಆಮೇಲೆ ತಾವೂ ದನಿಗೂಡಿಸಿದರು.

ಮನೆಗೆ ಬಂದ ಮೇಲೆ ಕೇಳಿದೆ: "ಅಪ್ಪಾ, ನಾವು ಯಾರಂತ ಶಾಲೆಯಲ್ಲಿ ಹೇಳ್ಬಹುದಾ?"

"ಕೇಳಿದ್ರೆ ಹೇಳು ಮಗಾ. ತಲೆ ತಗ್ಗಿಸ್ಬೇಡ."

ಮರುವರ್ಷ ಲೂಸ್‌ ಮನೆಯವರು ತಮ್ಮ ದೇಶಕ್ಕೆ ಹೊರಟುಹೋದರು. ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಯಾವ ಜನವೆಂದು ಯಾರು ಕೇಳಿದರೂ ನಾನು ನೇರವಾಗಿಯೇ ಹೇಳುತ್ತೇನೆ. ಆದರೆ ಆ ಹಾಡಿನ ಮೊದಲ ಸಾಲಷ್ಟೇ ನನ್ನ ಬಾಯಿಗೆ ಬರುತ್ತದೆ. ಮಗಳು ಅದರ ಅರ್ಥವೇನೆಂದು ಕೇಳುತ್ತಾಳೆ. ಹೇಳಿಕೊಡಬಲ್ಲವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ.