ಮಾವನ ಕಪ್ಪು, ನನ್ನ ಕೂಸು

ನನ್ನ ಮಾವ ಓರೆಸ್ಟ್ ಪಾವ್ಲಿಕ್ ಬಲು ಶುಚಿ ಎಂದು ನಮ್ಮೂರಲ್ಲಿ ಹೆಸರು. ರೈಲುದಾರಿ ಪಕ್ಕದ ಗೋಧಿ ಕಣಜದಲ್ಲಿ ಆಯುಷ್ಯವಿಡೀ ದೂಳು ಕುಡಿದರೂ, ಊಟಕ್ಕೆ ಕೂರುವ ಮುಂಚೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವವರು. ಆದರೆ ನಮ್ಮ ಪ್ರಾಂತ್ಯದ ರಾಜಧಾನಿ ರೆಜೈನಾದ ಹಸಿರಂಗಿಯ ಫುಟ್‌ಬಾಲ್ ತಂಡದ ಮಾತು ಬಂದರೆ ಅವರಿಗೆ ಹೇಸಿಗೆ ಅನ್ನುವುದೇ ಗೊತ್ತಾಗುವುದಿಲ್ಲ. ಅದರ ಅಭಿಮಾನಿಗಳ ರೂಢಿಯಂತೆ ಕಲ್ಲಂಗಡಿಯ ತಿರುಳು ಬಗೆದು ಸಿಪ್ಪೆಯನ್ನು ಟೋಪಿ ಮಾಡಿಕೊಳ್ಳುತ್ತಾರೆ. ರಸ ಕತ್ತಿಗಿಳಿದು ನೊಣ ಮುತ್ತಿದರೂ ಕೂಗುತ್ತಲೇ ಇರುತ್ತಾರೆ.

ತಂಡ ದುಡ್ಡಿಲ್ಲದೆ ಮುಚ್ಚಿಹೋಗುವ ಹಾಗಾದಾಗ ಚರ್ಚಿನ ಸಭಾಂಗಣದಲ್ಲಿ ಪಿರೋಗಿ ಕಡುಬು ಬೇಯಿಸಿ ಮಾರಿ ಅದನ್ನು ಉಳಿಸಿದ ಜನರಲ್ಲಿ ಇವರೂ ಒಬ್ಬರು. ಒಂದು ಫೈನಲ್‌ನಲ್ಲಿ ಎದುರಾಳಿಯ ಕೊನೆಯ ಒದೆತ ಗುರಿ ತಪ್ಪಿತು, ಗೆದ್ದೆವೆಂದು ಇವರು ಕುಣಿದರು. ನೋಡಿದರೆ ನಮ್ಮವರು ಮೈದಾನದಲ್ಲಿ ಹನ್ನೆರಡರ ಬದಲು ಹದಿಮೂರು ಮಂದಿ ನಿಂತಿದ್ದರು. ಮತ್ತೆ ಒದೆಸಿದರು, ಈ ಸಲ ಗುರಿ ಸೇರಿ ಗೆದ್ದ ಕಪ್ಪು ಕೈತಪ್ಪಿತು.

"ಹನ್ನೆರಡು ತಲೆ ಎಣಿಸೋಕೆ ಬರಲ್ವೇನ್ರೋ!" ಎಂದು ಟಿವಿಗೆ ಬೈದು, ವಾರವೆಲ್ಲ ಸ್ನಾನ ಮಾಡದೆ ಕೂತಿದ್ದರಂತೆ.

ನಾಲ್ಕು ವರ್ಷದ ಮೇಲೆ ತಂಡ ಗೆದ್ದಿತು. ಗ್ರೇ ಕಪ್ ಎಂಬ ಆ ಬೆಳ್ಳಿ ಕಪ್ಪನ್ನು ಊರೂರಿಗೆ ತಿರುಗಿಸುತ್ತಾ ನಮ್ಮ ಚರ್ಚಿನ ಸಭಾಂಗಣಕ್ಕೂ ತಂದರು. ಆ ಬಟ್ಟಲಲ್ಲೇ ಬಿಯರ್ ಕುಡಿಯುವುದು, ಅದರಲ್ಲೇ ಕೂಸುಗಳನ್ನು ಕೂರಿಸಿ ಫೋಟೊ ತೆಗೆಸುವುದು ಇಲ್ಲಿಯ ವಾಡಿಕೆ. ನನ್ನ ಕೂಸು ಮಾರ್ನಿ ಎದೆಯಲ್ಲಿ ಕಫ ಕಟ್ಟಿ, ಆಗಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು.

"ಒಂದೇ ಒಂದು ಫೋಟೊ ಮಗಳೇ. ನಿನ್ನ ಗಂಡ ಇಷ್ಟಿದ್ದಾಗ ಈ ಭಾಗ್ಯ ಬರ್ಲಿಲ್ಲ."

"ಊರಿನ ಎಂಜಲೆಲ್ಲ ಅದ್ರಲ್ಲೇ ಇದೆ ಮಾವ!"

"ಸಿಟೀಲಿ ಓದ್ದೋರಿಗೆ ಗಾಳೀಲೂ ಹುಳ ಕಾಣ್ಸುತ್ತಪ್ಪ."

ಸಾಲಿನಲ್ಲಿ ನಮ್ಮ ಮುಂದಿದ್ದ ಮಾಂಸದಂಗಡಿಯವನು ಗಡ್ಡ ಅದ್ದಿಕೊಂಡೇ ಕುಡಿದ. ತಳದಲ್ಲಿ ನೊರೆ, ಒಂದು ಕೂದಲು. ಮಾವ ಅದಕ್ಕೇ ಬಿಯರ್ ಹುಯ್ಯಿಸಿಕೊಂಡು ಗಟಗಟ ಕುಡಿದು, ತೋಳಿನಲ್ಲಿ ಬಾಯೊರೆಸಿ ಕೈ ಚಾಚಿದರು. ನಾನು ಮಗುವನ್ನು ಅವಚಿಕೊಂಡೆ.

"ಕೂರ್ಸಮ್ಮ, ಕರಗೋಗಲ್ಲ!" ಹಿಂದಿನಿಂದ ಯಾರೋ ಕೂಗಿದರು.

ಮಾವ ನನ್ನ ತೋಳಿಂದಲೇ ಎತ್ತಿ ಕೂರಿಸಿಬಿಟ್ಟರು. ಕ್ಯಾಮೆರಾ ಮಿಂಚಿದ್ದೇ ತಡ, ಮಾರ್ನಿ ಕುಡಿದ ಹಾಲನ್ನೆಲ್ಲ ಕಪ್ಪಿನೊಳಗೆ ಕಕ್ಕಿದಳು. ನೆರೆದವರದೆಲ್ಲ ಚಪ್ಪಾಳೆ. ನಾನು ಮಗುವನ್ನು ಕಿತ್ತುಕೊಂಡೆ. ಸಾಲಿನಲ್ಲಿ ನಮ್ಮ ಹಿಂದಿದ್ದವನು ಅಂಗಿಯ ತುದಿಯಿಂದ ಬಟ್ಟಲನ್ನು ಒಂದು ಸುತ್ತು ಒರೆಸಿ, "ಹಾಲು ಮೈಗೊಳ್ಳೇದು" ಎನ್ನುತ್ತಾ ಬಿಯರ್ ಸುರಿಸಿಕೊಂಡ. ಥೂ!

ಮಗುವಿನ ಎದೆಗೆ ಕಿವಿಯಿಟ್ಟುಕೊಂಡೇ ದಿನ ಕಳೆದೆ. ಅವಳಿಗೆ ಒಂದು ಸೀನೂ ಬರಲಿಲ್ಲ. ಜ್ವರ ಹಿಡಿದು ಮಲಗಿದ್ದು ಮಾವ. ಗಂಟಲು ಊದಿ, ಬಾಯೆಲ್ಲ ಹುಣ್ಣು. ಎದ್ದು ಓಡಾಡುವಂತಾದದ್ದೇ ಹಿಮ ತುಳಿದುಕೊಂಡು ಫೋಟೊ ಸಮೇತ ನಮ್ಮ ಮನೆ ಬಾಗಿಲಿಗೆ ಬಂದರು. ನಾನು ಚಿಲಕ ತೆಗೆಯಲಿಲ್ಲ. ಸೋರುವ ಮೂಗನ್ನು ಕೈಗವಸಿಗೆ ಒರೆಸಿ, ಅದೇ ಕೈಯಲ್ಲಿ ಫೋಟೊವನ್ನು ಕಿಟಕಿ ಗಾಜಿಗೆ ಒತ್ತಿ ಹಿಡಿದರು.

"ನೋಡು, ಹೇಗ್ ನಗ್ತಾಳೆ! ಒಂದ್ಸಲ ಎತ್ಕೊಳ್ತೀನಿ ಕಣಮ್ಮ."

"ಕೆಮ್ಮು ನಿಲ್ಲೋವರ್ಗೂ ಮುಟ್ಟೋ ಹಾಗಿಲ್ಲ ಮಾವ. ಮನೆಗೆ ಹೋಗಿ."

ಒಡೆದ ದನಿಯಲ್ಲಿ ನಕ್ಕು, "ಆಯ್ತು, ಆಯ್ತು. ಮುಂದಿನ ವರ್ಷಾನೂ ಗೆಲ್ತೀವಲ್ಲ, ಆಗ ಮತ್ತೆ ಕಪ್ಪಲ್ಲೇ ಕೂರಿಸ್ತೀನಿ" ಎಂದರು.

ಅಯ್ಯೋ ದೇವರೇ, ಆ ತಂಡ ಸೋಲಲಿ.